ಬುಲೆಟ್‌ಪ್ರೂಫ್ ಕಾರುಗಳ ಲೆಕ್ಕ ಯಾರ ಹತ್ರ ಇದೆ ಸಾರ್?

ಮಾನ್ಯ ಗೃಹ ಸಚಿವರೇ, ನಮಸ್ಕಾರ.

ಬುಲೆಟ್‌ಪ್ರೂಫ್ ಕಾರು ಯಾರ್ಯಾರ ಹತ್ರ ಇದೆ ಅನ್ನೋ ಲೆಕ್ಕ ಇಡಿ ಅಂತ ಕೇಳೋಕೆ ಈ ಪತ್ರ. ಗ್ಯಾಂಗ್‌ಸ್ಟರ್‌ಗಳು ಇಂಥ ಕಾರಲ್ಲಿ ಓಡಾಡೋದು ಹೊಸದೇನಲ್ಲ ಬಿಡಿ. ಅಮೆರಿಕದ ಶಿಕಾಗೋದ ಗ್ಯಾಂಗ್‌ಸ್ಟರ್ ಅಲ್ ಕಪೋನ್ 1928ರ ಕ್ಯಾಡಿಲಾಕ್ ಕಾರಿಗೆ ಒಳಗಡೆ ಉಕ್ಕಿನ ತಗಡು ಕೂರಿಸಿ, ದಪ್ಪ ಗಾಜು ಹಾಕಿಸಿ, ಹೊರಗಡೆ ಅಲ್ಲಿನ ಪೊಲೀಸ್ ಕಾರಿನದ್ದೇ ಹಸಿರು-ಕಪ್ಪು ಬಣ್ಣ ಹೊಡೆಸಿ ಸೈರನ್ ಬೇರೆ ಇಟ್ಕೊಂಡಿದ್ದ, ಧೈರ್ಯ ನೋಡಿ!

ಈಗಿನೋರು ಆ ತರ ವೇಷ ಹಾಕೋದೇ ಬೇಡ, ಯಾಕಂದ್ರೆ ಹೊರಗಿಂದ ನೋಡಿದ್ರೆ ಗೊತ್ತೇ ಆಗಲ್ಲ. ಮಾಮೂಲಿ ಲಕ್ಷುರಿ ಕಾರು ಅನ್ಸತ್ತೆ, ಆದ್ರೆ ಗಾಜಿನ ಪದರಗಳ ಒಳಗೆ ಪಾಲಿಕಾರ್ಬೊನೇಟ್ ಅನ್ನೋ ಗಟ್ಟಿ ಪ್ಲಾಸ್ಟಿಕ್ ಇರತ್ತೆ, ಟೈರಿಗೆ ಗುಂಡು ಬಿದ್ದು ಗಾಳಿ ಹೋದ್ರೂ ಒಂದಷ್ಟು ದೂರ ಓಡತ್ತೆ. ರಕ್ಷಣೆಗೆ ಲೆವೆಲ್‌ಗಳಿವೆ, ಬಿ4 ಅಂದ್ರೆ ಪಿಸ್ತೂಲಿನ ಗುಂಡು ತಡಿಯತ್ತೆ, ಬಿ6 ಅಂದ್ರೆ ರೈಫಲ್‌ದೂ ತಡಿಯತ್ತೆ. ಮರ್ಸಿಡಿಸ್ ಎಸ್ 680 ಗಾರ್ಡ್ ಅನ್ನೋ ಬುಲೆಟ್‌ಪ್ರೂಫ್ ಕಾರು ಕಂಪನಿಯಿಂದ ಬರೋವಾಗಲೇ 4.2 ಟನ್, ಹತ್ತಿರ ಹತ್ತಿರ ಎರಡು ಮಾಮೂಲಿ ಎಸ್-ಕ್ಲಾಸ್ ಕಾರಿನ ತೂಕ. ಇಂಥದ್ದೊಂದು ಬ್ರೇಕ್ ಹಿಡಿಯದೆ ಜನರ ಮೇಲೆ ನುಗ್ಗಿದ್ರೆ ಏನಾಗ್ಬೋದು ನೀವೇ ಯೋಚ್ನೆ ಮಾಡಿ.

ಆದ್ರೆ ನಾನು ಬರೀತಿರೋದು ತೂಕದ ವಿಷಯಕ್ಕಲ್ಲ. ರಸ್ತೆಲಿ ಕಾರು ನಿಲ್ಲಿಸಿ ಕಿಟಕಿ ತಟ್ಟೋ ಕಾನ್‌ಸ್ಟೇಬಲ್‌ಗೆ ಎದುರಿಗಿರೋದು ಎಂಥ ಕಾರು ಅಂತ ಗೊತ್ತಿರಬೇಕೋ ಬೇಡ್ವೋ? ಒಳಗಿರೋನಿಗೆ ಪೂರ್ತಿ ರಕ್ಷಣೆ, ಹೊರಗೆ ನಿಂತಿರೋನಿಗೆ ಮೈಮೇಲಿನ ಯೂನಿಫಾರ್ಮ್ ಅಷ್ಟೇ.

ಬ್ಯಾನ್ ಮಾಡಿ ಅಂತ ಕೇಳ್ತಿಲ್ಲ ಸಾರ್. ಜೀವ ಬೆದರಿಕೆ ಇರೋ ಸಾಕ್ಷಿ, ಜಡ್ಜು, ಪತ್ರಕರ್ತರಿಗೆ ಇದು ಬೇಕೇ ಬೇಕು (ಅವರಿಗೆ ಎಲ್ಲಿ ಸಿಗತ್ತೆ ಅನ್ನೋದು ಬೇರೆ ಮಾತು). ಬ್ರೆಜಿಲ್‌ನಲ್ಲಿ ಖಾಸಗಿಯವರ ಹತ್ರಾನೂ ಇಂಥ ಕಾರು ರಾಶಿ ರಾಶಿ ಇವೆ, ಆದ್ರೂ ಕಾರಿಗೆ ಕವಚ ಕೂರಿಸೋ ಕೆಲಸದ ಮೇಲೆ ಅಲ್ಲಿನ ಸೈನ್ಯದ ಹಿಡಿತ ಇದೆ.

ನೀವು ಗ್ಯಾಂಗ್‌ಸ್ಟರ್ ಹಿಂದೆ ಓಡೋ ಬದಲು ಕವಚ ಕೂರಿಸೋ ವರ್ಕ್‌ಶಾಪ್‌ಗೆ ಹೋಗಿ. ಯಾವ ಕಾರಿಗೆ, ಯಾವ ಲೆವೆಲ್, ದುಡ್ಡು ಕೊಟ್ಟಿದ್ಯಾರು ಅನ್ನೋದು ದಾಖಲಾಗ್ಲಿ, ಆರ್‌ಸಿಲೂ ಬರ್ಲಿ. ಮುಖ್ಯವಾಗಿ ಸೆಕೆಂಡ್ ಹ್ಯಾಂಡ್ ಮಾರಾಟ ನೋಡಿ, ಮೊದಲನೇ ಓನರ್ ದೊಡ್ಡ ಬಿಸಿನೆಸ್‌ಮ್ಯಾನ್ ಇರ್ಬೋದು, ಮೂರನೇ ಕೈಗೆ ಹೋಗೋ ಹೊತ್ತಿಗೆ ಯಾರ ಮನೆ ಮುಂದೆ ನಿಂತಿರತ್ತೋ ಯಾರಿಗ್ಗೊತ್ತು. ಹೆಸರು ಬದಲಾಯಿಸೋಕೆ ಮುಂಚೆ ಕೊಳ್ಳೋನ ಮೇಲೆ ಕೇಸಿದ್ಯಾ ಅಂತ ಪೊಲೀಸರು ಒಂದ್ಸಲ ಚೆಕ್ ಮಾಡಿದ್ರೆ ಸಾಕು.

ಈ ಲೆಕ್ಕ ನಿಮ್ಮ ಇಲಾಖೆ ಹತ್ರ ಈಗಾಗ್ಲೇ ಇದ್ರೆ, ಇದೆ ಅಂತ ಒಂದು ಸಾಲು ಬರೆದು ತಿಳಿಸಿ.

ಇಂತಿ,
ಪಕ್ಕದ ಲೇನಲ್ಲಿ ಮಾಮೂಲಿ ಕಾರು ಓಡಿಸೋ ಒಬ್ಬ ಮತದಾರ