ಊರೂರಿನ ವಸತಿಯ ಕುರಿತು ಗೆಳೆಯನಿಗೊಂದು ಪತ್ರ

ಚಿಂತಾಮಣಿ

ಪ್ರಿಯ ಗೆಳೆಯ,

ಸಪ್ರೇಮ ನಮಸ್ಕಾರಗಳು. ನಾವೆಲ್ಲರೂ ಇಲ್ಲಿ ಕ್ಷೇಮ. ರಾಣೆಬೆನ್ನೂರಿನಲ್ಲಿ ಅಮ್ಮನವರೂ ಮಕ್ಕಳೂ ಆರೋಗ್ಯವಾಗಿದ್ದಾರೆಂದು ನಂಬಿದ್ದೇನೆ. ಬೀಜದ ಕಂಪನಿಯವರು ನಿನಗೆ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಈ ಮೂರೂ ಜಿಲ್ಲೆಗಳ ಹೊಣೆ ವಹಿಸಿದ್ದಾರೆಂದು ತಿಳಿದು ಬಹಳ ಸಂತೋಷವಾಯಿತು. ತಿಂಗಳಿಗೆ ಹದಿನೈದು ರಾತ್ರಿಯಾದರೂ ಪರಸ್ಥಳದಲ್ಲಿ ಕಳೆಯಬೇಕಾದೀತು, ಎಲ್ಲಿ ಉಳಿದುಕೊಳ್ಳಲಿ, ಎಲ್ಲಿ ಊಟ ಮಾಡಲಿ ಎಂದು ಕೇಳಿ ಬರೆದಿದ್ದೀಯೆ. ಹದಿನಾಲ್ಕು ವರ್ಷದಿಂದ ಇದೇ ಊರುಗಳನ್ನು ಸುತ್ತುತ್ತಿರುವ ನಾನು ಇದಕ್ಕೆ ಫೋನಿನಲ್ಲಿ ಎರಡು ಮಾತು ಹೇಳಿ ಮುಗಿಸಲಾರೆ. ಅದಕ್ಕಾಗಿ ಈ ಪತ್ರ.

ನನ್ನ ಕೆಲಸದ ರೀತಿ ನಿನಗೆ ಗೊತ್ತೇ ಇದೆ. ಹಳ್ಳಿಯ ಡೇರಿಗೆ ಸಂಜೆ ಬಂದ ಹಾಲು 4 ಡಿಗ್ರಿಗೆ ಇಳಿಯಬೇಕು. ಹಾಲು ತಣಿಸುವ ಯಂತ್ರದ ಕಂಪ್ರೆಸರ್ ಕೈಕೊಟ್ಟರೆ ಬೆಳಗಾಗುವಷ್ಟರಲ್ಲಿ ಇಡೀ ಊರಿನ ದುಡಿಮೆ ಹುಳಿಯಾಗಿಬಿಡುತ್ತದೆ. ಹೀಗಾಗಿ ಕರೆ ಬರುವುದೇ ಹೊತ್ತು ಮುಳುಗಿದ ಮೇಲೆ, ರಿಪೇರಿ ಮುಗಿಯುವುದು ರಾತ್ರಿ ಹನ್ನೊಂದಕ್ಕೆ, ಆಮೇಲೆ ಹತ್ತಿರದ ತಾಲ್ಲೂಕು ಕೇಂದ್ರಕ್ಕೆ ಬಂದು ಯಾವುದಾದರೊಂದು ಲಾಡ್ಜಿನ ಬಾಗಿಲು ತಟ್ಟುವುದು. ಮೊದಲ ಎರಡು ವರ್ಷ ನಾನು ಹೆದ್ದಾರಿಯ ಬದಿಯ ಹೊಸ ಹೋಟೆಲುಗಳಲ್ಲೇ ಉಳಿಯುತ್ತಿದ್ದೆ. ಹಾಸಿಗೆ ಶುಭ್ರ, ಎ.ಸಿ. ಇರುತ್ತಿತ್ತು, ಯಾವ ಕೊರತೆಯೂ ಇರಲಿಲ್ಲ. ಆದರೆ ಬೆಳಿಗ್ಗೆ ಕಿಟಕಿ ತೆರೆದರೆ ಕಾಣುವುದು ಲಾರಿಗಳ ಸಾಲು. ಶಿರಾದಲ್ಲಿದ್ದೇನೋ ಮುಳಬಾಗಿಲಿನಲ್ಲಿದ್ದೇನೋ ತಿಳಿಯುತ್ತಿರಲಿಲ್ಲ. ಅಂಥದೊಂದು ಕಡೆ ಜ್ವರ ಬಂದು ಎರಡು ದಿನ ಮಲಗಿದ್ದಾಗ, ಬಾಡಿಗೆ ಮುಂಗಡ ಕೇಳಲು ಬಂದವರನ್ನು ಬಿಟ್ಟರೆ ಬಾಗಿಲು ತಟ್ಟಿದವರಿಲ್ಲ. ಅಂದಿನಿಂದ ಊರೊಳಗೆ, ಬಸ್ ನಿಲ್ದಾಣಕ್ಕೋ ಮಾರುಕಟ್ಟೆಗೋ ಹತ್ತಿರವಿರುವ ಹಳೆಯ ಲಾಡ್ಜನ್ನೇ ಹುಡುಕುತ್ತೇನೆ. ನೀನೂ ಹಾಗೆಯೇ ಮಾಡು. ಊರಿನ ವ್ಯಾಪಾರ ಯಾವುದೋ ಆ ವ್ಯಾಪಾರದವರು ತಂಗುವ ಜಾಗದಲ್ಲಿ ನೀನೂ ತಂಗಿದರೆ ಊರು ತಾನಾಗಿ ನಿನ್ನೊಡನೆ ಮಾತಾಡುತ್ತದೆ.

ತಿಪಟೂರಿನ ಮಾತು ಹೇಳುತ್ತೇನೆ. ಅಲ್ಲಿ ನಾನು ಇಳಿಯುವ ಲಾಡ್ಜಿಗೆ ಮಾರುಕಟ್ಟೆಗೆ ಕೊಬ್ಬರಿ ತಂದ ರೈತರೂ ಹೊರಗಿನಿಂದ ಬಂದ ಖರೀದಿದಾರರೂ ಬರುತ್ತಾರೆ. ಮೆಟ್ಟಿಲು ಹತ್ತುವಾಗಲೇ ಕೊಬ್ಬರಿಯ ಎಣ್ಣೆಯಂಶದ ಸಿಹಿ ವಾಸನೆ ಮೂಗಿಗೆ ಬಡಿಯುತ್ತದೆ. ವ್ಯವಸ್ಥಾಪಕರು ಅರವತ್ತು ದಾಟಿದವರು, ತೋಟವುಳ್ಳವರು. ಒಂದು ರಾತ್ರಿ ನಿದ್ರೆ ಬಾರದೆ ಕೆಳಗೆ ಬಂದು ಕುಳಿತವನ ಕೈಗೆ ಅವರು ಒಂದು ಒಣಗಿದ ತೆಂಗಿನಕಾಯಿ ಕೊಟ್ಟು, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡಿ ಎಂದರು. ಒಳಗೆ ಗುಂಡೊಂದು ಉರುಳಿದಂತೆ ಗಡಗಡ ಸದ್ದಾಯಿತು. ಬಲಿತ ಕಾಯನ್ನು ಅಟ್ಟದ ಮೇಲೆ ಎಂಟು ತಿಂಗಳಿಂದ ಒಂದು ವರ್ಷದವರೆಗೂ ಇಟ್ಟರೆ ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು ಉಂಡೆಯಾಗುತ್ತದೆ. ಆ ಸದ್ದು ಕೇಳಿದ ಮೇಲೆಯೇ ಒಡೆಯುವುದಂತೆ. ಅವಸರದಲ್ಲಿ ಒಡೆದದ್ದಕ್ಕೆ ಬೆಲೆಯಿಲ್ಲವೆಂದು ವಿವರಿಸುತ್ತ ಅವರು ಚಿಪ್ಪನ್ನು ಮೆಲ್ಲನೆ ಸುತ್ತಲೂ ತಟ್ಟಿ ಬಿಡಿಸಿದರು. ಕಂದು ಬಣ್ಣದ ಉಂಡೆ ಒಂದು ಗೀರೂ ಇಲ್ಲದೆ ಅವರ ಅಂಗೈಗೆ ಬಂತು. ತಿಪಟೂರಿಗೆ ಅದೆಷ್ಟೋ ಸಲ ಹೋಗಿಬಂದಿದ್ದ ನನಗೆ ಆ ಊರು ಪರಿಚಯವಾದದ್ದು ಆ ರಾತ್ರಿಯೇ.

ಕೋಲಾರದಲ್ಲಿ ಕತೆ ಬೇರೆ. ಟೊಮೆಟೊ ಸುಗ್ಗಿಯಲ್ಲಿ, ಅಂದರೆ ಜೂನ್‌ನಿಂದ ಆಗಸ್ಟ್‌ವರೆಗೆ, ಮೊದಲೇ ಹೇಳಿಡದಿದ್ದರೆ ಕೋಣೆ ಸಿಗುವುದು ಕಷ್ಟ. ಹೊರರಾಜ್ಯಗಳ ವ್ಯಾಪಾರಿಗಳೂ ಲಾರಿ ಚಾಲಕರೂ ತುಂಬಿರುತ್ತಾರೆ, ನಸುಕಿನಲ್ಲೇ ಒಬ್ಬೊಬ್ಬರಾಗಿ ಎದ್ದು ಮಂಡಿಗೆ ಹೊರಡುತ್ತಾರೆ. 2023ರ ಜುಲೈಯಲ್ಲಿ 15 ಕಿಲೋ ಬಾಕ್ಸಿನ ಬೆಲೆ 2,000 ರೂಪಾಯಿ ದಾಟಿದಾಗ ನಾನು ಅಲ್ಲಿದ್ದೆ. ಟೊಮೆಟೊ ಬೆಳೆಯುವ ಊರಿನ ಹೋಟೆಲಿನಲ್ಲೇ ಸಾರಿಗೆ ಬರೀ ಹುಣಸೆಹುಳಿ ಹಾಕುತ್ತಿದ್ದರು. ಅದೇ ಊರಿನಲ್ಲಿ ಬೆಲೆ ಬಿದ್ದ ವರ್ಷ ಹಣ್ಣನ್ನು ರಸ್ತೆಗೆ ಸುರಿದು ಬಂದ ರೈತರೊಬ್ಬರು ಪಕ್ಕದ ಮೇಜಿನಲ್ಲಿ ಕುಳಿತು, ಬಡಿಸಿದ ಮುದ್ದೆಯನ್ನು ಮುರಿಯದೆ ಬಹಳ ಹೊತ್ತು ನೋಡುತ್ತಿದ್ದುದನ್ನೂ ಕಂಡಿದ್ದೇನೆ. ನಿನ್ನ ಬೀಜ ಕೊಳ್ಳುವವರು ಇವರೇ ಅಲ್ಲವೇ? ಅವರ ಪಕ್ಕದಲ್ಲಿ ಕುಳಿತು ಉಣ್ಣು.

ಶಿಡ್ಲಘಟ್ಟದಲ್ಲಿ ರೇಷ್ಮೆಗೂಡು ಬೇಯಿಸುವ ವಾಸನೆ ಮೊದಲ ದಿನ ನಿನಗೆ ತಡೆಯಲಾಗದು. ಮೂರನೆಯ ಸಲಕ್ಕೆ ಒಗ್ಗುತ್ತದೆ. ಪಾವಗಡದಲ್ಲಿ ಕೊಳವೆಬಾವಿ ನೀರು ಕುಡಿಯಬೇಡ, ಅದರಲ್ಲಿ ಫ್ಲೋರೈಡ್ ಇದೆ. ಶುದ್ಧ ನೀರಿನ ಬಾಟಲಿ ಜೊತೆಗಿರಲಿ. ಕೋಲಾರದ ಕಡೆಯೂ ಬೋರ್‌ವೆಲ್ ನೀರು ಗಡಸು, ಸೋಪು ನೊರೆ ಬಿಡುವುದಿಲ್ಲ. ಬಿಸಿನೀರು ಬೆಳಿಗ್ಗೆ ಎಷ್ಟು ಗಂಟೆಯವರೆಗೆ ಬರುತ್ತದೆಂದು ರಾತ್ರಿಯೇ ಕೇಳಿಟ್ಟುಕೊ.

ಊಟದ ವಿಷಯದಲ್ಲಿ ನಿನಗೆ ಜೋಳದ ರೊಟ್ಟಿಯ ಕೊರಗು ಇದ್ದೇ ಇರುತ್ತದೆ. ಇಲ್ಲಿ ರಾಗಿಯೇ ಊಟ, ಮುದ್ದೆಯನ್ನು ಅಗಿಯದೆ ನುಂಗುವುದನ್ನು ಕಲಿತುಕೊಳ್ಳಬೇಕು. ಕ್ಯಾತ್ಸಂದ್ರದ ತಟ್ಟೆ ಇಡ್ಲಿಯನ್ನು ಹಬೆಯಾಡುವಾಗಲೇ ಬೆಣ್ಣೆ ಹಾಕಿಸಿ ತಿನ್ನು, ಕಟ್ಟಿಸಿಕೊಂಡು ಹೋಗಬೇಡ. ಮುಳಬಾಗಿಲು ದೋಸೆ ಕಾಗದದಂತೆ ತೆಳ್ಳಗಿರುವುದಿಲ್ಲ. ಹೊರಗೆ ಹೊಂಬಣ್ಣ, ಒಳಗೆ ಮೆತ್ತಗೆ, ದಪ್ಪ. ಅಲ್ಲಿನ ಹೋಟೆಲುಗಳಲ್ಲಿ ಒಂದೇ ಮೇಜಿಗೆ ಕನ್ನಡ, ತೆಲುಗು ಎರಡರಲ್ಲೂ ಮಾತಾಡಿ ಬಡಿಸುತ್ತಾರೆ. ನಾಲ್ಕು ತೆಲುಗು ಮಾತು ಕಲಿತರೆ ನಿನ್ನ ಕೆಲಸಕ್ಕೂ ಒಳ್ಳೆಯದು.

ಇನ್ನೊಂದು ರಾತ್ರಿಯ ಸಂಗತಿ ಬರೆಯದೆ ಪತ್ರ ಮುಗಿಸಲಾರೆ. 2019ರ ಜನವರಿ 21ರಂದು ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿಯವರು ಲಿಂಗೈಕ್ಯರಾದರು, ಅವರಿಗೆ ಆಗ 111 ವರ್ಷ. ಗುಬ್ಬಿ ಕಡೆಯ ಹಳ್ಳಿಯೊಂದರಲ್ಲಿ ಕೆಲಸ ಮುಗಿಸಿ ತುಮಕೂರಿಗೆ ಬರುವಷ್ಟರಲ್ಲಿ ನಾಡಿನ ಮೂಲೆಮೂಲೆಯಿಂದ ಜನ ಬಂದು ಸೇರುತ್ತಿದ್ದರು. ನಾಲ್ಕು ಲಾಡ್ಜು ಅಲೆದರೂ ಕೋಣೆಯಿಲ್ಲ. ಐದನೆಯ ಕಡೆ ವ್ಯವಸ್ಥಾಪಕರು ಏನನ್ನೂ ಕೇಳದೆ ಮೇಲಿನ ಸಭಾಂಗಣ ತೋರಿಸಿದರು. ಅಲ್ಲಿ ಜಮಖಾನೆ ಹಾಸಿ ಮುದುಕರು, ಹೆಂಗಸರು, ಮಕ್ಕಳೆಂದು ಆಗಲೇ ಐವತ್ತು ಜನಕ್ಕೆ ಜಾಗ ಮಾಡಿಕೊಟ್ಟಿದ್ದರು. ಬೆಳಿಗ್ಗೆ ನಾನು ಪರ್ಸ್ ತೆಗೆದಾಗ ಅವರು ನನ್ನ ಕೈ ಹಿಡಿದು, "ಇವತ್ತು ದುಡ್ಡಿನ ಮಾತು ಬೇಡ ಸಾರ್, ಮಠದ ಅನ್ನ ಉಂಡು ಓದಿದವನು ನಾನು" ಎಂದರು. ಮುಂದೆ ಮಾತಾಡಲು ಅವರಿಂದಲೂ ಆಗಲಿಲ್ಲ, ನನ್ನಿಂದಲೂ ಆಗಲಿಲ್ಲ. ತುಮಕೂರಿನಲ್ಲಿ ನಾನು ಇಂದಿಗೂ ಇಳಿಯುವುದು ಅಲ್ಲಿಯೇ. ಆ ಲಾಡ್ಜಿಗೆ ಲಿಫ್ಟ್ ಇಲ್ಲ, ಮೂರು ಮಹಡಿ ಹತ್ತಬೇಕು. ಹತ್ತುತ್ತೇನೆ.

ನಿನ್ನ ಮೊದಲ ಸುತ್ತು ತಿಪಟೂರಿನಿಂದ ಆರಂಭವಾಗುವುದಾದರೆ ಹೊರಡುವ ಮುನ್ನ ನನಗೆ ತಿಳಿಸು, ವ್ಯವಸ್ಥಾಪಕರಿಗೆ ಹೇಳಿಡುತ್ತೇನೆ. ಮೊದಲ ಮಹಡಿಯ ಹಿಂಬದಿಯ ಕೋಣೆ ಕೊಡುತ್ತಾರೆ, ಅಲ್ಲಿ ಬೀದಿಯ ಗದ್ದಲವಿಲ್ಲ. ಕಿಟಕಿಯ ಚಿಲಕ ಸಡಿಲವಾಗಿ ಗಾಳಿಗೆ ಬಡಿದುಕೊಳ್ಳುತ್ತದೆಂದು ನಾನು ಕಾಗದ ಮಡಿಚಿ ಸಂದಿಗೆ ಸಿಕ್ಕಿಸಿದ್ದೇನೆ. ಅದನ್ನು ತೆಗೆಯಬೇಡ.

ಅಮ್ಮನವರಿಗೆ ನನ್ನ ನಮಸ್ಕಾರಗಳು, ಮಕ್ಕಳಿಗೆ ಆಶೀರ್ವಾದಗಳು.

ಇಂತಿ ನಿನ್ನ ಪ್ರೀತಿಯ ಗೆಳೆಯ