ಶಾಸಕರೇ, ಆ ಫೋನ್ ನೀವು ಮಾಡಿಸಬಾರದಿತ್ತು

ಮಾನ್ಯ ಶಾಸಕರಿಗೆ,

ನಮಸ್ಕಾರ. ಹೋದ ತಿಂಗಳು ನಿಮ್ಮ ಪಿಎ ಒಂದು ಫೋನ್ ಮಾಡಿದರು. ಎರಡೇ ದಿನದಲ್ಲಿ ನಮ್ಮಮ್ಮನ ಸಂಧ್ಯಾ ಸುರಕ್ಷಾ ಪಿಂಚಣಿ ಮಂಜೂರಾಯಿತು. ಅದಕ್ಕೆ ಮೊದಲು ನಾನು ಐದು ತಿಂಗಳು ಅಲೆದಿದ್ದೆ. ಈಗ ಪೇಪರಿನಲ್ಲಿ ನಿಮ್ಮ ಫೋಟೊ ಬಂದರೆ ಅಮ್ಮ ಕೈ ಮುಗಿಯುತ್ತಾಳೆ. ಅದನ್ನು ನೋಡಿದ ದಿನವೇ ಈ ಪತ್ರ ಬರೆಯಬೇಕು ಅನ್ನಿಸಿತು.

ಅರ್ಜಿ ಕೊಟ್ಟಾಗ ಸಕಾಲದ ಚೀಟಿ ಕೊಟ್ಟಿದ್ದರು. ಎಷ್ಟರೊಳಗೆ ಕೆಲಸ ಆಗಬೇಕು ಅನ್ನುವ ದಿನಾಂಕವೂ ಅದರಲ್ಲಿತ್ತು. ಅಮ್ಮ ಅದನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ದೇವರ ಗೂಡಿನಲ್ಲಿ ಪಂಚಾಂಗದ ಕೆಳಗೆ ಇಟ್ಟಿದ್ದಳು. ದಿನಾಂಕ ಕಳೆದ ಮೇಲೆ ಮೂರು ಸಲ ಹೋದೆ. ಒಂದು ಸಲ ಸರ್ವರ್ ಡೌನ್. ಇನ್ನೊಂದು ಸಲ ಸಾಹೇಬರಿಗೆ ಮೀಟಿಂಗ್. ಮೂರನೇ ಸಲ ಗುಮಾಸ್ತರು ದನಿ ತಗ್ಗಿಸಿ, ಒಳ್ಳೆಯ ಮನಸ್ಸಿನಿಂದಲೇ ಹೇಳಿದರು: "ಸುಮ್ನೆ ಯಾಕೆ ಓಡಾಡ್ತೀರಿ? ಎಮ್ಮೆಲ್ಲೆ ಕಡೆಯಿಂದ ಒಂದು ಫೋನ್ ಮಾಡಿಸಿ."

ಸರ್ಕಾರಿ ಕೆಲಸ ಗೊತ್ತಾದ ದಿನದೊಳಗೆ ಆಗಬೇಕು ಅನ್ನುವ ಸಕಾಲ ಕಾಯ್ದೆ ನಿಮ್ಮ ಸದನವೇ 2011ರಲ್ಲಿ ಮಾಡಿದ್ದು. ತಡವಾದರೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ ಪರಿಹಾರ ಕೇಳಬಹುದು. ಮೇಲ್ಮನವಿಗೂ ದಾರಿ ಇದೆ. ನಾನು ಆ ದಾರಿ ಹಿಡಿಯಲಿಲ್ಲ. ನಿಮ್ಮ ಪಿಎ ನಂಬರು ಯಾರ ಹತ್ತಿರ ಸಿಗುತ್ತದೆ ಅಂತ ವಿಚಾರಿಸಿದೆ. ನನ್ನ ತಪ್ಪನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

1949ರ ನವೆಂಬರ್ 25ರಂದು, ಸಂವಿಧಾನ ಅಂಗೀಕಾರವಾಗುವ ಹಿಂದಿನ ದಿನ, ಅಂಬೇಡ್ಕರ್ ಸಂವಿಧಾನ ಸಭೆಯಲ್ಲಿ ಹೀಗೆ ನಾಯಕರಿಗೆ ಕೈ ಮುಗಿಯುವ ವಿಷಯವನ್ನೇ ಎತ್ತಿದ್ದರು. ಎಷ್ಟೇ ದೊಡ್ಡ ಮನುಷ್ಯನಾಗಲಿ, ಅವನ ಕಾಲ ಬುಡದಲ್ಲಿ ನಮ್ಮ ಸ್ವಾತಂತ್ರ್ಯ ತಂದಿಡಬಾರದು ಎಂಬ ಇಂಗ್ಲಿಷ್ ಚಿಂತಕ ಜಾನ್ ಸ್ಟುವರ್ಟ್ ಮಿಲ್ ಮಾತನ್ನು ನೆನಪಿಸಿದರು. ದೇಶಕ್ಕಾಗಿ ಬದುಕು ಸವೆಸಿದವರನ್ನು ನೆನೆಯುವುದು ತಪ್ಪಲ್ಲ, ಆದರೆ ಆ ಕೃತಜ್ಞತೆಗೂ ಒಂದು ಮಿತಿ ಇದೆ ಎಂದರು. ಸ್ವಾತಂತ್ರ್ಯವನ್ನೇ ಬೆಲೆಯಾಗಿ ತೆತ್ತು ಯಾವ ದೇಶವೂ ಕೃತಜ್ಞತೆ ತೋರಿಸಲಾಗದು ಅನ್ನುವುದು ಅವರು ಎತ್ತಿಕೊಂಡ ಐರಿಷ್ ನಾಯಕ ಡೇನಿಯಲ್ ಓಕಾನೆಲ್ ಮಾತು. ಧರ್ಮದಲ್ಲಿ ಭಕ್ತಿ ಮುಕ್ತಿಗೆ ದಾರಿಯಾಗಬಹುದು, ರಾಜಕೀಯದಲ್ಲಿ ಅದು ಕೊನೆಗೆ ಸರ್ವಾಧಿಕಾರಕ್ಕೇ ಒಯ್ಯುತ್ತದೆ ಎಂದೂ ಎಚ್ಚರಿಸಿದರು.

ಸಾರ್, ಆ ಮಿತಿ ಹಾಕಿದ್ದು ಜೀವನವಿಡೀ ದುಡಿದ ಮಹನೀಯರ ವಿಷಯದಲ್ಲಿ. ನಮ್ಮಮ್ಮ ಕೈ ಮುಗಿಯುತ್ತಿರುವುದು ಒಂದು ಫೋನ್ ಕಾಲ್‌ಗೆ. ಅದೂ ತನಗೆ ಬರಬೇಕಾದ ದುಡ್ಡಿಗೆ.

ನಮ್ಮ ಮೈಸೂರಿನಿಂದ ಆ ಸಭೆಗೆ ಹೋಗಿದ್ದವರಲ್ಲಿ ಕೆಂಗಲ್ ಹನುಮಂತಯ್ಯನವರೂ ಒಬ್ಬರು. ವೀಣೆಯೋ ಸಿತಾರೋ ಕೇಳಬೇಕೆಂದಿದ್ದೆವು, ಕೇಳುತ್ತಿರುವುದು ಇಂಗ್ಲಿಷ್ ಬ್ಯಾಂಡು ಎಂದು ಅವರು ಅಲ್ಲಿ ಸಂವಿಧಾನದ ಕರಡನ್ನು ಟೀಕಿಸಿದ್ದರು. ಮುಂದೆ ಮುಖ್ಯಮಂತ್ರಿಯಾಗಿ ವಿಧಾನಸೌಧ ಕಟ್ಟಿಸಿದರು. "ಸರ್ಕಾರದ ಕೆಲಸ ದೇವರ ಕೆಲಸ" ಎಂಬ ಅಲ್ಲಿನ ಬರಹದ ಕೆಳಗೇ ನೀವು ಓಡಾಡುತ್ತೀರಿ. ಶ್ರದ್ಧೆಯಿಂದ ಮಾಡಿ ಅನ್ನುವುದು ಅದರ ಅರ್ಥ ಅಂತ ನಾನು ತಿಳಿದಿದ್ದೇನೆ. ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ! ಆ ಪೂಜಾರಿಯ ಜಾಗದಲ್ಲಿ ಈಗ ನೀವು ಕೂತಿದ್ದೀರಿ. ಬೇಕು ಅಂತ ಕೂತಿರೋ, ನಮ್ಮಂಥವರೇ ಕೂರಿಸಿದೆವೋ, ಎರಡೂ ಇರಬಹುದು.

ಫೋನ್ ಮಾಡಿಸಲಾಗದವರ ಗತಿ ಏನು ಹೇಳಿ. ಅವತ್ತು ಕೌಂಟರಿನಲ್ಲಿ ನನ್ನ ಹಿಂದೆ ಒಬ್ಬ ಅಜ್ಜಿ ನಿಂತಿದ್ದರು. ಅವರ ಕೈಯಲ್ಲೂ ಅಂಥದ್ದೇ ಚೀಟಿ, ಮಡಚಿ ಮಡಚಿ ಅಕ್ಷರ ಅಳಿಸಿಹೋಗಿತ್ತು. ನಮ್ಮ ಕೆಲಸ ಆಯಿತು. ಅವರದ್ದು ಆಯಿತೋ ಇಲ್ಲವೋ ಗೊತ್ತಿಲ್ಲ. ನಿಮ್ಮ ಫೋನ್ ಬಂದಿದ್ದಕ್ಕೆ ಆ ಕಚೇರಿ ಏನೂ ಸುಧಾರಿಸಲಿಲ್ಲ, ಯಾರ ಅರ್ಜಿ ಮೊದಲು ತೆಗೆಯಬೇಕು ಅನ್ನುವುದನ್ನು ಕಲಿತುಕೊಂಡಿತು ಅಷ್ಟೇ.

ಸಂವಿಧಾನ ಅಂಗೀಕಾರವಾದ ದಿನ ಆ ಸಭೆಯ ಅಧ್ಯಕ್ಷ ರಾಜೇಂದ್ರ ಪ್ರಸಾದ್ ಅವರಿಗೆ ಒಂದು ಕೊರಗಿತ್ತು. ಕಾನೂನು ಜಾರಿ ಮಾಡುವವರಿಗೆ ಇಷ್ಟೆಲ್ಲ ಅರ್ಹತೆ ಕೇಳುತ್ತೇವೆ, ಕಾನೂನು ಮಾಡುವವರಿಗೆ ಮಾತ್ರ ಆಯ್ಕೆಯಾಗಿ ಬಂದರೆ ಸಾಕು ಅನ್ನುತ್ತೇವೆ ಎಂದು. ನಿಮ್ಮ ಡಿಗ್ರಿ ನನಗೆ ಮುಖ್ಯವಲ್ಲ. ನೀವು ಒಳ್ಳೆಯವರು ಅಂತಲೂ ಕೇಳಿದ್ದೇನೆ.

ನನ್ನದು ಒಂದೇ ಕೋರಿಕೆ. ಇಂಥ ಫೋನ್ ಕೇಳಿಕೊಂಡು ನಿಮ್ಮ ಮನೆ ಬಾಗಿಲಿಗೆ ಬರುವವರ ಲೆಕ್ಕವನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಸಿ. ಯಾವ ಕಚೇರಿ, ಯಾವ ಅರ್ಜಿ, ಎಷ್ಟು ದಿನ ತಡ. ಮುಂದಿನ ಅಧಿವೇಶನದಲ್ಲಿ ಅದನ್ನು ಹಿಡಿದು ಪ್ರಶ್ನೋತ್ತರದ ಹೊತ್ತಿನಲ್ಲಿ ಕಂದಾಯ ಸಚಿವರನ್ನು ಕೇಳಿ. ಮೊದಲ ಸಾಲಿನಲ್ಲಿ ನಮ್ಮಮ್ಮನ ಅರ್ಜಿಯನ್ನೇ ಬರೆದುಕೊಳ್ಳಿ. ಚೀಟಿ ಇನ್ನೂ ಪಂಚಾಂಗದ ಕೆಳಗೇ ಇದೆ, ಬೇಕಿದ್ದರೆ ಜೆರಾಕ್ಸ್ ಮಾಡಿಸಿ ಕಳಿಸುತ್ತೇನೆ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರ