ನಮ್ಮ ಮಕ್ಕಳ ‘ಬಗ್ಸಿ ಮಲೋನ್’: ಪೋಷಕರಿಗೆ ಪತ್ರ

ಮಾನ್ಯ ಪೋಷಕರೇ,

ನಮಸ್ಕಾರ. ಈ ವರ್ಷದ ವಾರ್ಷಿಕೋತ್ಸವಕ್ಕೆ ಏಳರಿಂದ ಒಂಬತ್ತನೆಯ ತರಗತಿಯ ಮಕ್ಕಳು ‘ಬಗ್ಸಿ ಮಲೋನ್’ ಎಂಬ ಇಂಗ್ಲಿಷ್ ಸಂಗೀತ ನಾಟಕ ಆಡುತ್ತಾರೆಂದು ತಿಳಿದಾಗಿನಿಂದ ನಿಮ್ಮಲ್ಲಿ ಹಲವರು ನನ್ನನ್ನು ಕಂಡು ಮಾತನಾಡಿದ್ದೀರಿ. ‘ಮೇಡಂ, ಮಕ್ಕಳ ಕೈಗೆ ಬಂದೂಕು ಕೊಡುವ ನಾಟಕವೇ ಬೇಕಿತ್ತೇ?’ ಎಂದು ಒಬ್ಬ ತಾಯಿ ಕೇಳಿದರು. ಕೇಳಲೇಬೇಕಾದ ಮಾತು ಅದು.

ಕಥೆ ನಡೆಯುವುದು 1929ರ ನ್ಯೂಯಾರ್ಕಿನಲ್ಲಿ. ಅಮೆರಿಕದಲ್ಲಿ 1920ರಿಂದ 1933ರವರೆಗೆ ಪಾನನಿಷೇಧವಿತ್ತು. ಕಳ್ಳ ಮದ್ಯದ ಹಣದಿಂದ ಗ್ಯಾಂಗುಗಳು ಕೊಬ್ಬಿದ್ದವು. ಆ ಲೋಕದ ಕಥೆಯನ್ನು ಬ್ರಿಟಿಷ್ ನಿರ್ದೇಶಕ ಅಲನ್ ಪಾರ್ಕರ್ 1976ರಲ್ಲಿ ಪೂರ್ತಿ ಮಕ್ಕಳಿಂದಲೇ ಆಡಿಸಿ ಸಿನಿಮಾ ಮಾಡಿದರು. ಅಲ್ಲಿ ಬಂದೂಕಿನಿಂದ ಹಾರುವುದು ಗುಂಡಲ್ಲ, ಕೆನೆ. ಸಿನಿಮಾದಲ್ಲಿ ಮಕ್ಕಳ ಹಾಡುಗಳಿಗೆ ದನಿಯಾದವರು ದೊಡ್ಡವರು. ನಾವು ಆಡುವುದು ಅದರ ರಂಗರೂಪ, ಇಲ್ಲಿ ಮಕ್ಕಳೇ ಹಾಡುತ್ತಾರೆ.

ಯಕ್ಷಗಾನದಲ್ಲಿ ನಮ್ಮ ಮಕ್ಕಳು ಮಹಿಷಾಸುರನಾಗಿ ಅಬ್ಬರಿಸುವುದಿಲ್ಲವೇ ಎಂದು ಸಹೋದ್ಯೋಗಿಯೊಬ್ಬರು ನನ್ನ ಪರವಾಗಿ ವಾದಿಸಿದರು. ನನಗೆ ಆ ವಾದ ಒಪ್ಪಿಗೆಯಾಗಲಿಲ್ಲ. ಬಣ್ಣದ ವೇಷದ ಆಯುಧವನ್ನು ಮಗು ಆಟದ ರಂಗಸ್ಥಳದಲ್ಲಿ ಮಾತ್ರ ಕಾಣುತ್ತದೆ. ಬಂದೂಕನ್ನು ದಿನವೂ ಮೊಬೈಲಿನಲ್ಲಿ ಕಾಣುತ್ತದೆ. ಅದಕ್ಕೇ ನಮ್ಮ ಬಂದೂಕುಗಳನ್ನು ರಟ್ಟಿನ ಕೊಳವೆಯಿಂದ ಮಾಡಿ, ಹಳದಿ ಮತ್ತು ಹಸಿರು ಬಣ್ಣ ಬಳಿದಿದ್ದೇವೆ. ತಾಲೀಮು ಮುಗಿದೊಡನೆ ಅವನ್ನು ಎಣಿಸಿ ಬೀರುವಿನಲ್ಲಿಟ್ಟು ಬೀಗ ಹಾಕುತ್ತೇವೆ. ಅವನ್ನು ಪ್ರೇಕ್ಷಕರತ್ತ ಯಾರೂ ಗುರಿಯಿಡುವುದಿಲ್ಲ, ಹಿಡಿದುಕೊಂಡು ಫೋಟೋ ತೆಗೆಸಿಕೊಳ್ಳುವುದೂ ಇಲ್ಲ. ಮೊದಲ ತಾಲೀಮಿನಲ್ಲಿ ನಿಜವಾದ ಕೆನೆ ಬಳಸಿದೆವು. ನೆಲ ಜಾರಿ ಪೊಲೀಸ್ ಪಾತ್ರದ ಹುಡುಗನ ಮೊಣಕೈ ತರಚಿತು. ತಪ್ಪು ನನ್ನದು, ಮೊದಲೇ ಯೋಚಿಸಬೇಕಿತ್ತು. ಈಗ ಹತ್ತಿಯ ಉಂಡೆಗಳನ್ನು ಎಸೆಯುತ್ತಿದ್ದೇವೆ. ಗುಟ್ಟಿನ ಪಾನಗೃಹದ ದೃಶ್ಯದಲ್ಲಿ ಲೋಟಗಳಲ್ಲಿರುವುದು ಪುನರ್ಪುಳಿ ಶರಬತ್ತು.

ಬಂದೂಕಿಗಿಂತ ಹೆಚ್ಚು ನನ್ನ ನಿದ್ದೆ ಕೆಡಿಸಿದ್ದು ಬೇರೆ ಎರಡು ಸಂಗತಿಗಳು. ಪಾನಗೃಹದ ಹಾಡುಗಾರ್ತಿಯರನ್ನು ಸಿನಿಮಾದಲ್ಲಿ ದೊಡ್ಡ ಹೆಂಗಸರಂತೆ ಸಿಂಗರಿಸಿದ್ದಾರೆ. ನಮ್ಮಲ್ಲಿ ಹಾಗೆ ಮಾಡುವುದಿಲ್ಲ. ಮೊಣಕಾಲಿನ ಕೆಳಗೆ ಬರುವ ಲಂಗ, ತಲೆಗೊಂದು ಪಟ್ಟಿ, ದೀಪದ ಬೆಳಕಿಗೆ ಬೇಕಾದಷ್ಟು ಬಣ್ಣ, ಅಷ್ಟೇ. ಹೊಲಿಸುವ ಮುಂಚೆ ಬಟ್ಟೆ ಮತ್ತು ಅಳತೆಯನ್ನು ತಾಯಂದಿರಿಗೆ ತೋರಿಸುತ್ತೇವೆ. ಇನ್ನೊಂದು, ಗ್ಯಾಂಗಿನ ಒಡೆಯನ ಹೆಸರು ‘ಫ್ಯಾಟ್ ಸ್ಯಾಮ್’. ಹೆಸರು ಬದಲಿಸಲು, ನಾಟಕವಾಡಲು ಹಕ್ಕುದಾರರಿಂದ ಪಡೆದ ಪರವಾನಗಿ ಬಿಡುವುದಿಲ್ಲ. ಆ ಪಾತ್ರಕ್ಕೆ ಹುಡುಗನನ್ನು ಆರಿಸಿದ್ದು ಅವನ ದನಿ ಕೇಳಿ, ಮೈಕಟ್ಟು ನೋಡಿ ಅಲ್ಲ. ತಾಲೀಮಿನ ಕೋಣೆಯ ಹೊರಗೆ ಯಾರೂ ಅವನನ್ನು ಆ ಹೆಸರಿನಿಂದ ಕರೆಯಕೂಡದು. ಮನೆಯಲ್ಲೂ ದಯವಿಟ್ಟು ಇದನ್ನು ಹೇಳಿ.

ಇನ್ನು ಪರವಾನಗಿಯ ಮಾತು. ‘ಶಾಲೆಯ ನಾಟಕಕ್ಕೆ ದುಡ್ಡು ಕೊಡುವುದೇಕೆ, ಯಾರಿಗೆ ಗೊತ್ತಾಗುತ್ತದೆ?’ ಎಂದು ಕೇಳಿದವರಿದ್ದಾರೆ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೆಯ ಸೆಕ್ಷನ್ ಶಾಲೆಗಳಿಗೆ ವಿನಾಯಿತಿ ಕೊಟ್ಟಿದೆ: ಶಾಲೆಯ ಚಟುವಟಿಕೆಯ ಭಾಗವಾಗಿ ಶಿಕ್ಷಕರೂ ವಿದ್ಯಾರ್ಥಿಗಳೂ ಆಡಿ, ನೋಡುವವರೂ ಅವರು, ಅವರ ಪೋಷಕರು ಮತ್ತು ಶಾಲೆಗೆ ಸಂಬಂಧಪಟ್ಟವರು ಮಾತ್ರ ಆಗಿದ್ದರೆ ಅದು ಉಲ್ಲಂಘನೆಯಲ್ಲ. ಆದರೆ ನಾವು ಎರಡನೆಯ ದಿನ ಊರವರಿಗೆ ಟಿಕೆಟ್ ಮಾರಿ ಗ್ರಂಥಾಲಯಕ್ಕೆ ಹಣ ಕೂಡಿಸುತ್ತಿದ್ದೇವೆ. ಅಲ್ಲಿಗೆ ಆ ವಿನಾಯಿತಿಯ ನೆರಳು ಮುಗಿಯಿತು. ‘ಹಳೆಯ ಸಿನಿಮಾ ಅಲ್ಲವೇ’ ಎಂಬ ಮಾತೂ ನಿಲ್ಲುವುದಿಲ್ಲ. ನಾಟಕ ಮತ್ತು ಸಂಗೀತದ ಹಕ್ಕು ಕರ್ತೃ ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ. ಪಾರ್ಕರ್ ತೀರಿಕೊಂಡದ್ದೇ 2020ರಲ್ಲಿ.

ಈ ಸೀಮೆಯವರಿಗೆ ಇದು ಹೊಸ ವಿಷಯವಲ್ಲ. ಶಿವರಾಮ ಕಾರಂತರು ರೂಪಿಸಿದ ಯಕ್ಷಗಾನ ಬ್ಯಾಲೆಯ ಹಕ್ಕಿನ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2009ರ ತೀರ್ಪಿನಲ್ಲಿ ಉಯಿಲಿನಂತೆ ಹಕ್ಕು ಪಡೆದವರ ಹಕ್ಕನ್ನು ಒಪ್ಪಿದ ನ್ಯಾಯಾಲಯ, ಕಾಯ್ದೆಯ ವಿನಾಯಿತಿಗಳನ್ನು ಬಳಸಿಕೊಳ್ಳುವ ಅವಕಾಶವನ್ನೂ ಉಳಿಸಿತು. ಕಾರಂತರ ಕೃತಿಗೆ ಸಲ್ಲುವ ಮರ್ಯಾದೆ ಪರದೇಶದವರ ಕೃತಿಗೂ ಸಲ್ಲಬೇಕೆಂಬುದು ನನ್ನ ಗಟ್ಟಿ ನಂಬಿಕೆ. ಪರವಾನಗಿಯ ಶುಲ್ಕವನ್ನು ಹಕ್ಕುದಾರರು ಪ್ರದರ್ಶನಗಳ ಸಂಖ್ಯೆ, ಆಸನಗಳು ಮತ್ತು ಟಿಕೆಟ್ ದರ ನೋಡಿ ನಿಗದಿ ಮಾಡಿದ್ದಾರೆ. ಅದು ವಾರ್ಷಿಕೋತ್ಸವದ ನಿಧಿಯಿಂದ ಹೋಗುತ್ತದೆ. ನಿಮ್ಮಿಂದ ಏನೂ ಕೇಳುವುದಿಲ್ಲ. ನಾಟಕದ ಪ್ರತಿಯನ್ನು ಜೆರಾಕ್ಸ್ ಮಾಡಿಸಬೇಡಿ.

ಹಾಡುಗಳನ್ನು ಕನ್ನಡಕ್ಕೆ ತರೋಣ, ಅಜ್ಜ ಅಜ್ಜಿಯರಿಗೂ ತಿಳಿಯಲಿ ಎಂಬ ಸಲಹೆ ನನ್ನ ಮನಸ್ಸಿಗೆ ತುಂಬ ಹಿಡಿಸಿತು. ಆದರೆ ಅನುವಾದದ ಹಕ್ಕೇ ಬೇರೆ. ನಮಗೆ ಸಿಕ್ಕಿರುವುದು ಇದ್ದದ್ದನ್ನು ಇದ್ದಂತೆ ಆಡುವ ಅನುಮತಿ. ಹಾಗಾಗಿ ಪರದೆ ಏಳುವ ಮುಂಚೆ ನಮ್ಮ ಕನ್ನಡ ಮೇಷ್ಟರು ಕಥೆ ಹೇಳುತ್ತಾರೆ, ಅದರ ಮುದ್ರಿತ ಪ್ರತಿ ಒಂದೊಂದು ಕುರ್ಚಿಯ ಮೇಲೂ ಇರುತ್ತದೆ.

ಚಿತ್ರೀಕರಣಕ್ಕೂ ಅನುಮತಿಯಿಲ್ಲ. ನಿಮ್ಮ ಮಗು ಹಾಡುವಾಗ ಮೊಬೈಲ್ ಎತ್ತದೆ ಕೂರುವುದು ಎಷ್ಟು ಕಷ್ಟವೆಂದು ನನಗೆ ಗೊತ್ತು. ಆದರೂ ಎತ್ತಬೇಡಿ. ಕೊನೆಯ ನಮಸ್ಕಾರದ ನಂತರ ವೇಷದಲ್ಲೇ ಮಕ್ಕಳನ್ನು ನಿಲ್ಲಿಸುತ್ತೇವೆ, ಆಗ ಎಷ್ಟು ಬೇಕಾದರೂ ಫೋಟೋ ತೆಗೆದುಕೊಳ್ಳಿ.

ಇಷ್ಟೆಲ್ಲ ತಾಪತ್ರಯಪಟ್ಟು ಈ ನಾಟಕವೇ ಏಕೆ? ಇದರಲ್ಲಿ ಫಿಜಿ ಎಂಬ ಕಸ ಗುಡಿಸುವ ಹುಡುಗನಿದ್ದಾನೆ. ಅವನಿಗೆ ಕುಣಿಯುವ ಆಸೆ. ಒಡೆಯ ಪ್ರತಿ ಸಲವೂ ‘ನಾಳೆ ಬಾ’ ಎನ್ನುತ್ತಾನೆ. ಕಳೆದ ಗುರುವಾರ ಖಾಲಿ ಸಭಾಂಗಣದಲ್ಲಿ ಆ ಪಾತ್ರದ ಏಳನೆಯ ತರಗತಿಯ ಹುಡುಗ ಪೊರಕೆ ಹಿಡಿದು ಹಾಡುತ್ತಿದ್ದ. ಎರಡನೆಯ ಸಾಲಿಗೆ ಅವನ ಗಂಟಲು ಒಡೆಯಿತು. ನಿಲ್ಲಿಸಲಿಲ್ಲ, ಪೊರಕೆಯ ಹಿಡಿಯನ್ನು ಎದೆಗೆ ಒತ್ತಿಕೊಂಡು ಒಡೆದ ದನಿಯಲ್ಲೇ ಮುಗಿಸಿದ. ಬಾಗಿಲಲ್ಲಿ ನೀರಿನ ಕೊಡ ಹಿಡಿದು ಬಂದಿದ್ದ ನಮ್ಮ ಆಯಾ ಅಲ್ಲೇ ನಿಂತುಬಿಟ್ಟರು. ತರಗತಿಯಲ್ಲಿ ಕೈ ಎತ್ತದ ಹುಡುಗ ಅವನು.

ಜೊತೆಗಿರುವ ಒಪ್ಪಿಗೆ ಪತ್ರಕ್ಕೆ ಸಹಿ ಮಾಡಿ ಬರುವ ಶುಕ್ರವಾರದೊಳಗೆ ತರಗತಿ ಶಿಕ್ಷಕರಿಗೆ ತಲುಪಿಸಿ. ಮಗು ಭಾಗವಹಿಸುವುದು ಬೇಡವೆನಿಸಿದರೆ ಹಾಗೆಯೇ ಬರೆಯಿರಿ. ರಂಗಸಜ್ಜಿಕೆ, ದೀಪ, ಟಿಕೆಟ್ ಮೇಜು ಎಲ್ಲದಕ್ಕೂ ಕೈಗಳು ಬೇಕು. ಮನೆಯ ಅಟ್ಟದಲ್ಲಿ ಅಜ್ಜಂದಿರ ಹಳೆಯ ಕರಿ ಟೋಪಿಯೋ ಕೋಟೋ ಇದ್ದರೆ ಹೆಸರು ಬರೆದು ಕಳುಹಿಸಿಕೊಡಿ. ಹನ್ನೆರಡು ಟೋಪಿ ಬೇಕಾಗಿವೆ, ಇಲ್ಲಿಯವರೆಗೆ ಸಿಕ್ಕಿರುವುದು ಐದು.

ಇತಿ ನಿಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯಿನಿ